ಔಷಧದ ಕಿಟಕಿಯಲ್ಲಿ ಕೂತವರು

ಬ್ಯಾಂಕಾಕಿನ ಸರ್ಕಾರಿ ಔಷಧ ತಯಾರಿಕಾ ಸಂಸ್ಥೆಯ ಪ್ರಯೋಗಾಲಯದಲ್ಲಿ 1990ರ ದಶಕದ ಮೊದಲ ವರ್ಷಗಳಲ್ಲಿ ಮಹಿಳೆಯೊಬ್ಬರು ಹೆಚ್ಚುಕಡಿಮೆ ಒಬ್ಬರೇ ಕೂತು ಕೆಲಸ ಮಾಡುತ್ತಿದ್ದರು. ಅವರ ಮುಂದಿದ್ದದ್ದು ಜಿಡೋವುಡಿನ್ ಎಂಬ ಔಷಧದ ಕಚ್ಚಾವಸ್ತು. ಅದು ವಿಷಕಾರಿ ಎಂದು ಜೊತೆಯವರು ಹತ್ತಿರ ಬರಲು ಹಿಂಜರಿಯುತ್ತಿದ್ದರು. ಥಾಯ್ಲೆಂಡಿನಲ್ಲಿ ಆಗ ಎಚ್‌ಐವಿ ಹಬ್ಬುತ್ತಿದ್ದ ಕಾಲ. ತಾಯಿಯಿಂದ ಕೂಸಿಗೆ ಸೋಂಕು ದಾಟದಂತೆ ತಡೆಯಬಲ್ಲ ಔಷಧ ಅದು, ಆದರೆ ಅದರ ಬೆಲೆ ಬಡವರ ಅಳವಿಗೆ ಮೀರಿದ್ದು. 1995ರ ಹೊತ್ತಿಗೆ ಆ ಮಹಿಳೆ ಅದನ್ನು ಸ್ವದೇಶದಲ್ಲೇ, ಹಳೆಯ ಬೆಲೆಯ ಒಂದು ಸಣ್ಣ ಪಾಲಿಗೆ ತಯಾರಿಸಿ ತೋರಿಸಿದರು. ಹೆಸರು ಕ್ರಿಸಾನಾ ಕ್ರೈಸಿಂಟು. ತಂದೆ ವೈದ್ಯರು, ತಾಯಿ ನರ್ಸ್. ಮಗಳು ಓದಿದ್ದು ಫಾರ್ಮಸಿ.

ಮುಂದಿನದು ಇನ್ನೂ ಕಷ್ಟದ ದಾರಿ. ಡಿಡನೋಸಿನ್ ಎಂಬ ಮತ್ತೊಂದು ಔಷಧದ ಮಾತ್ರೆಯ ಮೇಲೆ ಅಮೆರಿಕದ ಬ್ರಿಸ್ಟಲ್ ಮೈಯರ್ಸ್ ಸ್ಕ್ವಿಬ್ ಕಂಪನಿಗೆ ಥಾಯ್ ಪೇಟೆಂಟ್ ಇತ್ತು. ಮಾತ್ರೆ ಮಾಡುವಂತಿಲ್ಲವಾದರೆ ಪುಡಿ ಮಾಡಬಹುದಲ್ಲ ಎಂದು ಸರ್ಕಾರಿ ಸಂಸ್ಥೆ ಪುಡಿಯ ರೂಪದಲ್ಲಿ ಅದನ್ನು ಹೊರತಂದಿತು. ಇತ್ತ ಸೋಂಕಿತರು ಮತ್ತು ಅವರ ಪರ ಸಂಘಟನೆಯವರು ಕೋರ್ಟಿಗೆ ಹೋದರು. 2002ರ ಅಕ್ಟೋಬರಿನಲ್ಲಿ ತೀರ್ಪು ರೋಗಿಗಳ ಪರ ಬಂತು. ಅದೇ ವರ್ಷ ಕ್ರಿಸಾನಾ ಅವರ ತಂಡ ಸ್ಟಾವುಡಿನ್, ಲ್ಯಾಮಿವುಡಿನ್, ನೆವಿರಾಪಿನ್ ಮೂರನ್ನೂ ಒಂದೇ ಮಾತ್ರೆಯಲ್ಲಿ ಕೂಡಿಸಿದ 'ಜಿಪಿಒ-ವಿರ್' ಸಿದ್ಧವಾಯಿತು. ಬೆಳಿಗ್ಗೆ ಒಂದು, ಸಂಜೆ ಒಂದು. ತಿಂಗಳ ಖರ್ಚು ಸುಮಾರು 1,200 ಬಾತ್.

ಅಲ್ಲಿಗೆ ನಿಂತಿದ್ದರೂ ಅದು ದೊಡ್ಡ ಕೆಲಸವೇ. ಅವರು ನಿಲ್ಲಲಿಲ್ಲ. 2002ರಲ್ಲಿ ಕೆಲಸ ಬಿಟ್ಟು ಆಫ್ರಿಕಾಕ್ಕೆ ಹೊರಟರು. ಯುದ್ಧದಿಂದ ನಲುಗಿದ್ದ ಕಾಂಗೋ ದೇಶದ ಬುಕಾವು ಪಟ್ಟಣದಲ್ಲಿ, ಕ್ವಿನೈನ್ ತಯಾರಿಸುತ್ತಿದ್ದ ಒಂದು ಕಂಪನಿಯವರಿಗೆ ಎಚ್‌ಐವಿ ಮಾತ್ರೆ ಮಾಡುವ ವಿದ್ಯೆ ಕಲಿಸಿದರು. ಅಲ್ಲಿಂದ ಟಾಂಜಾನಿಯಾದ ಅರೂಷಾಕ್ಕೆ. ತಾನು ಮಾಡಿ ಮಾರುವುದಲ್ಲ, ಅಲ್ಲಿಯವರೇ ಮಾಡಿಕೊಳ್ಳುವಂತಾಗಬೇಕು ಎಂಬುದು ಅವರ ಪಣ. 2009ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಕನ್ನಡದ ಪತ್ರಿಕೆಗಳು ಮ್ಯಾಗ್ಸೆಸೆ ಪುರಸ್ಕೃತರ ಬಗ್ಗೆ ಬರೆಯುವುದುಂಟು. ಈ ಹೆಸರು ಮಾತ್ರ ನಮ್ಮಲ್ಲಿ ಹೆಚ್ಚು ಕೇಳಿಬಂದಿಲ್ಲ.

ಕಾರಣ ಊಹಿಸುವುದು ಕಷ್ಟವಲ್ಲ. ಎಚ್‌ಐವಿ ಚಿಕಿತ್ಸೆ ಬಡ ದೇಶಗಳನ್ನು ಮುಟ್ಟಿದ ಕಥೆಯಲ್ಲಿ ನಮಗೆ ಕಾಣುವವರು ವೈದ್ಯರು, ಹೋರಾಟಗಾರರು, ವಕೀಲರು, ಕಂಪನಿಯ ಮಾಲೀಕರು. ಔಷಧ ಕೊಡುವ ಕಿಟಕಿಯ ಹಿಂದೆ ಕೂತವರು ಕಾಣುವುದಿಲ್ಲ. ನಮ್ಮ ಹಿರಿಯರ ಬಾಯಲ್ಲಿ ಆತ 'ಕಂಪೌಂಡರ್': ಡಾಕ್ಟರು ಬರೆದದ್ದನ್ನು ಕಟ್ಟಿಕೊಡುವವನು, ಅಷ್ಟೆ. ಆ ಎಣಿಕೆ ತಪ್ಪು ಎಂದು ತೋರಿಸುವುದೇ ಈ ಲೇಖನದ ಉದ್ದೇಶ. ಮಾತ್ರೆ ಅಗ್ಗವಾದದ್ದು ಅರ್ಧ ಗೆಲುವು. ಉಳಿದರ್ಧ ಗೆಲುವೋ ಸೋಲೋ ಎಂಬುದು ಎಷ್ಟೋ ದೇಶಗಳಲ್ಲಿ ಫಾರ್ಮಸಿಸ್ಟನ ಕಿಟಕಿಯಲ್ಲಿ ತೀರ್ಮಾನವಾಗಿದೆ, ಈಗಲೂ ಆಗುತ್ತಿದೆ.

ಬೆಲೆಯ ಕಥೆ ಬಲ್ಲವರು ಬಹಳ, ಆದ್ದರಿಂದ ಚುಟುಕಾಗಿ ಹೇಳುತ್ತೇನೆ. ಮೂರು ಔಷಧಗಳನ್ನು ಒಟ್ಟಿಗೆ ಕೊಟ್ಟರೆ ಎಚ್‌ಐವಿ ಸೋಂಕಿತರು ವರ್ಷಾನುಗಟ್ಟಲೆ ಬದುಕುತ್ತಾರೆ ಎಂಬುದು 1996ರ ವ್ಯಾಂಕೂವರ್ ಸಮ್ಮೇಳನದಲ್ಲಿ ಜಗತ್ತಿಗೆ ಗೊತ್ತಾಯಿತು. ಆ ಚಿಕಿತ್ಸೆಗೆ ಒಬ್ಬರಿಗೆ ವರ್ಷಕ್ಕೆ 10,000 ಡಾಲರಿಗೂ ಹೆಚ್ಚು ಬೇಕಿತ್ತು. 2001ರ ಫೆಬ್ರುವರಿಯಲ್ಲಿ ಮುಂಬೈಯ ಸಿಪ್ಲಾ ಕಂಪನಿಯ ಯೂಸುಫ್ ಹಮೀದ್ ಅದನ್ನು ವರ್ಷಕ್ಕೆ 350 ಡಾಲರಿಗೆ ಕೊಡುವೆನೆಂದು 'ಗಡಿಗಳಿಲ್ಲದ ವೈದ್ಯರು' ಸಂಸ್ಥೆಗೆ ಹೇಳಿದಾಗ ಲೆಕ್ಕವೇ ಬದಲಾಯಿತು. ಭಾರತದ 1970ರ ಪೇಟೆಂಟ್ ಕಾನೂನು ಔಷಧದ ತಯಾರಿಕಾ ವಿಧಾನಕ್ಕೆ ಮಾತ್ರ ಪೇಟೆಂಟ್ ಕೊಡುತ್ತಿತ್ತು, ಔಷಧಕ್ಕಲ್ಲ. 2005ರವರೆಗೆ ಆ ಬಾಗಿಲು ತೆರೆದಿತ್ತು. 2003ರಿಂದ 2008ರ ನಡುವೆ ದಾನಿ ಸಂಸ್ಥೆಗಳ ಹಣದಲ್ಲಿ ಬಡ ದೇಶಗಳು ಕೊಂಡ ಎಚ್‌ಐವಿ ಔಷಧದಲ್ಲಿ ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ಭಾರತದ ಕಾರ್ಖಾನೆಗಳಿಂದ ಹೋಯಿತು. ಹೈದರಾಬಾದ್, ಮುಂಬೈ ಹೆಚ್ಚು. ನಮ್ಮ ಬೆಂಗಳೂರಿನ ಸ್ಟ್ರೈಡ್ಸ್ ಕಂಪನಿಯ ಪಾಲೂ ಅದರಲ್ಲಿದೆ. ಡೊಲುಟೆಗ್ರಾವಿರ್ ಇರುವ ಒಂದೇ ಮಾತ್ರೆಯ ಚಿಕಿತ್ಸೆ ವರ್ಷಕ್ಕೆ 45 ಡಾಲರಿಗಿಂತ ಕಡಿಮೆಗೆ ಸಿಗಲಿದೆ ಎಂದು 2023ರಲ್ಲಿ ದಾನಿ ಸಂಸ್ಥೆಯಾದ ಗ್ಲೋಬಲ್ ಫಂಡ್ ಪ್ರಕಟಿಸಿತು.

ಈ ಕಥೆಯಲ್ಲಿ ಫಾರ್ಮಸಿ ವಿದ್ಯೆಯ ಪಾಲು ಎಲ್ಲಿದೆ ಎಂದು ಕೇಳಬಹುದು. ಮೂರನ್ನು ಒಂದು ಮಾಡಿದ್ದರಲ್ಲಿದೆ. ಶ್ರೀಮಂತ ದೇಶಗಳಲ್ಲಿ ಮೂರು ಔಷಧಗಳ ಪೇಟೆಂಟು ಮೂರು ಕಂಪನಿಗಳ ಕೈಯಲ್ಲಿತ್ತು. ಒಂದು ಮಾತ್ರೆಯಲ್ಲಿ ಅವು ಕೂಡುವ ಮಾತೇ ಇರಲಿಲ್ಲ. ಸಿಪ್ಲಾದ 'ಟ್ರಯೊಮ್ಯೂನ್', ಥಾಯ್ಲೆಂಡಿನ 'ಜಿಪಿಒ-ವಿರ್' ಆ ಕೆಲಸ ಮಾಡಿದವು. ಒಂದು ಔಷಧ ಬೇಗ ಕರಗುತ್ತದೆ, ಇನ್ನೊಂದು ತಡವಾಗಿ. ಒಂದಕ್ಕೆ ತೇವ ಆಗುವುದಿಲ್ಲ. ಮೂರೂ ಹೊಟ್ಟೆಯಲ್ಲಿ ಬೇರೆಬೇರೆಯಾಗಿ ನುಂಗಿದಷ್ಟೇ ಪ್ರಮಾಣದಲ್ಲಿ ರಕ್ತಕ್ಕೆ ಸೇರಬೇಕು, ಮಳೆಗಾಲದ ಗೋದಾಮಿನಲ್ಲೂ ಕೆಡಬಾರದು. ಇದನ್ನು ಬಿಡಿಸುವುದು ಔಷಧ ಕಟ್ಟುವವನ ಕೈಚಳಕ. ದಿನಕ್ಕೆ ಹತ್ತಾರು ಮಾತ್ರೆ ನುಂಗಬೇಕಿದ್ದ ಚಿಕಿತ್ಸೆ ಎರಡಕ್ಕೆ, ಮುಂದೆ ಒಂದಕ್ಕೆ ಇಳಿದದ್ದರಿಂದಲೇ ಅಕ್ಷರ ಬಾರದ ತಾಯಿಯೂ ತಪ್ಪದೆ ನುಂಗುವಂತಾಯಿತು.

ಮಕ್ಕಳ ವಿಷಯದಲ್ಲಿ ಜಗತ್ತು ಬಹಳ ತಡಮಾಡಿತು, ಇದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ. ಲೊಪಿನಾವಿರ್ ಎಂಬ ಎಚ್‌ಐವಿ ಔಷಧದ ಸಿರಪ್ಪು ಬಾಯಿಗೆ ಇಡಲಾಗದಷ್ಟು ಕಹಿ, ಅದರಲ್ಲಿ ನೂರಕ್ಕೆ 42ರಷ್ಟು ಮದ್ಯಸಾರ, ಅದನ್ನು ಫ್ರಿಜ್ಜಿನಲ್ಲಿಡಬೇಕು. ಕರೆಂಟೇ ಇಲ್ಲದ ಹಳ್ಳಿಯಲ್ಲಿ ಏನು ಮಾಡುವುದು? ಎಷ್ಟೋ ಕಡೆ ದೊಡ್ಡವರ ಮಾತ್ರೆಯನ್ನೇ ಮುರಿದು, ಅಂದಾಜಿನಲ್ಲಿ ಮಗುವಿಗೆ ಕೊಡುತ್ತಿದ್ದರು. ನೀರಿನಲ್ಲಿ ಕರಗುವ, ಸ್ಟ್ರಾಬೆರಿ ರುಚಿಯ 10 ಮಿಲಿಗ್ರಾಂ ಡೊಲುಟೆಗ್ರಾವಿರ್ ಮಾತ್ರೆಗೆ ಮಂಜೂರಾತಿ ಸಿಕ್ಕಿದ್ದು 2020ರ ಕೊನೆಗೆ. ಔಷಧದ ಗುಣಕ್ಕಿಂತ ಅದರ ರುಚಿ ಮತ್ತು ರೂಪ ಮಗುವಿನ ಆಯುಷ್ಯವನ್ನು ನಿರ್ಧರಿಸಿದ ಉದಾಹರಣೆ ಇದು.

ಇನ್ನು ಕಿಟಕಿಗೆ ಬರೋಣ. ಅಲ್ಲಿ ನಡೆಯುವುದು ಮಾತ್ರೆ ಎಣಿಸುವ ಕೆಲಸ ಮಾತ್ರ ಎಂದು ತಿಳಿದವರು ನೆವಿರಾಪಿನ್ ಕಾಲವನ್ನು ನೋಡಬೇಕು. ಆ ಔಷಧವನ್ನು ಮೊದಲ ಹದಿನಾಲ್ಕು ದಿನ ಅರ್ಧ ಪ್ರಮಾಣದಲ್ಲಿ ಕೊಡಬೇಕು. ಮೊದಲ ದಿನದಿಂದಲೇ ಪೂರ್ತಿ ಕೊಟ್ಟರೆ ಮೈಯೆಲ್ಲ ದದ್ದು ಎದ್ದು ಚರ್ಮ ಸುಲಿಯುವ, ಯಕೃತ್ತು ಕೆಡುವ ಅಪಾಯ. ಹಾಗಾಗಿ ಮೊದಲೆರಡು ವಾರ ಬೆಳಿಗ್ಗೆ ಮೂರು ಕೂಡಿದ ಮಾತ್ರೆ, ಸಂಜೆ ಎರಡೇ ಕೂಡಿದ ಮಾತ್ರೆ. ಎರಡೂ ನೋಡಲು ಒಂದೇ ಥರ ಇದ್ದರೆ? ಇದನ್ನು ರೋಗಿಗೆ ತಿಳಿಯುವಂತೆ ಹೇಳುವವರು ಯಾರು? ಡಾಕ್ಟರಿಗೆ ಒಬ್ಬ ರೋಗಿಗೆ ಸಿಗುವುದು ಕೆಲವೇ ನಿಮಿಷ. ಹೇಳಬೇಕಾದವರು ಕಿಟಕಿಯವರು. ಇವತ್ತಿನ ಡೊಲುಟೆಗ್ರಾವಿರ್ ಸುಲಭದ ಔಷಧವೆನ್ನಿಸಿಕೊಂಡರೂ ಅದಕ್ಕೂ ತನ್ನದೇ ಕಟ್ಟಳೆಗಳಿವೆ. ಕ್ಷಯಕ್ಕೆ ರಿಫಾಂಪಿಸಿನ್ ನಡೆಯುತ್ತಿದ್ದರೆ ದಿನಕ್ಕೆ ಒಂದರ ಬದಲು ಎರಡು ಬಾರಿ ಕೊಡಬೇಕು. ಎದೆಯುರಿಯ ಮಾತ್ರೆ, ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಇವುಗಳನ್ನು ಹೊತ್ತು ನೋಡದೆ ಜೊತೆಗೆ ನುಂಗಿದರೆ ಔಷಧ ಸರಿಯಾಗಿ ಮೈಗೆ ಹತ್ತುವುದಿಲ್ಲ. ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಇದರ ಜೊತೆ ರಕ್ತದಲ್ಲಿ ಏರುತ್ತದೆ, ಅದಕ್ಕೂ ಮಿತಿ ಬೇಕು. ಗರ್ಭಿಣಿಗೆ ಒಂದು ಕಿಟಕಿಯಲ್ಲಿ ಕಬ್ಬಿಣದ ಮಾತ್ರೆ, ಇನ್ನೊಂದರಲ್ಲಿ ಎಚ್‌ಐವಿ ಮಾತ್ರೆ ಕೊಟ್ಟು ಕಳಿಸುವ ಆಸ್ಪತ್ರೆಯಲ್ಲಿ ಈ ಎರಡನ್ನೂ ಒಟ್ಟಿಗೆ ನೋಡಬಲ್ಲವನು ಫಾರ್ಮಸಿಸ್ಟ್ ಒಬ್ಬನೇ.

ಮತ್ತೊಂದು ಗುಟ್ಟು ಅವನ ದಪ್ಪ ರಿಜಿಸ್ಟರಿನಲ್ಲಿದೆ. ಮೂವತ್ತು ದಿನದ ಮಾತ್ರೆ ಒಯ್ದವರು ಮೂವತ್ತನೆಯ ದಿನದ ಆಸುಪಾಸಿಗೆ ಬಂದರೇ, ನಲವತ್ತೈದನೆಯ ದಿನ ಬಂದರೇ? ಈ ಒಂದು ಲೆಕ್ಕ, ಯಾರಲ್ಲಿ ವೈರಸ್ಸು ಮತ್ತೆ ತಲೆಯೆತ್ತಲಿದೆ ಎಂಬುದನ್ನು ಮೊದಲೇ ಹೇಳುತ್ತದೆ. ಆಫ್ರಿಕಾದ ದಕ್ಷಿಣ ಭಾಗದ ಹಲವು ದೇಶಗಳ ರೋಗಿಗಳ ದಾಖಲೆ ನೋಡಿ 2008ರಲ್ಲಿ ಪ್ರಕಟವಾದ ಒಂದು ಅಧ್ಯಯನ, ಚಿಕಿತ್ಸೆ ಸೋಲುವುದನ್ನು ಗುರುತಿಸುವಲ್ಲಿ ಮಾತ್ರೆ ಒಯ್ದ ತಾರೀಖುಗಳು ರೋಗನಿರೋಧಕ ಕಣಗಳನ್ನು ಎಣಿಸುವ ಸಿಡಿ4 ರಕ್ತಪರೀಕ್ಷೆಗಿಂತ ಮೇಲು ಎಂದು ಕಂಡುಕೊಂಡಿತು. ಪ್ರಯೋಗಾಲಯವೇ ಇಲ್ಲದ ಊರಿಗೆ ಇದು ದೊಡ್ಡ ವರದಾನ. ಯಂತ್ರ ಬೇಡ, ರಾಸಾಯನಿಕ ಬೇಡ. ತಾರೀಖು ಬರೆಯುವ, ಬರೆದದ್ದನ್ನು ಓದಿ ಫೋನ್ ಮಾಡುವ ಒಬ್ಬ ಮನುಷ್ಯ ಇದ್ದರೆ ಸಾಕು.

ಆ ಒಬ್ಬ ಮನುಷ್ಯನೇ ಇಲ್ಲದಿರುವುದು ಆಫ್ರಿಕಾದ ಬಹುಪಾಲು ದೇಶಗಳ ಕೊರತೆ. ಮಲಾವಿಯನ್ನೇ ನೋಡಿ. ಎಚ್‌ಐವಿ ಹಾವಳಿ ಅತಿ ಹೆಚ್ಚಿದ್ದ ದೇಶಗಳಲ್ಲಿ ಅದೂ ಒಂದು. ಅಲ್ಲಿ ಫಾರ್ಮಸಿ ಪದವಿ ಕೊಡುವ ಕಾಲೇಜೇ 2000ದ ದಶಕದ ನಡುವಿನವರೆಗೆ ಇರಲಿಲ್ಲ. 2004ರಲ್ಲಿ ಉಚಿತ ಚಿಕಿತ್ಸೆ ಆರಂಭಿಸಿದಾಗ ಅವರು ಇದ್ದ ಬಡತನಕ್ಕೆ ತಕ್ಕಂತೆ ಯೋಜನೆ ಹೆಣೆದರು. ದೇಶಕ್ಕೆಲ್ಲ ಒಂದೇ ಬಗೆಯ ಮೊದಲ ಹಂತದ ಚಿಕಿತ್ಸೆ. ಮೊದಲೆರಡು ವಾರದ ಎರಡು ಥರದ ಮಾತ್ರೆಗಳನ್ನು ಕಟ್ಟಿಟ್ಟ 'ಆರಂಭದ ಪೊಟ್ಟಣ', ಆಮೇಲಿನದಕ್ಕೆ 'ಮುಂದುವರಿಕೆಯ ಪೊಟ್ಟಣ'. ಪ್ರತಿ ಆಸ್ಪತ್ರೆಗೂ ತಿಂಗಳಿಗೆ ಇಷ್ಟೇ ಹೊಸ ರೋಗಿಗಳು ಎಂಬ ಮಿತಿ, ಆ ಲೆಕ್ಕಕ್ಕೆ ಸರಿಯಾಗಿ ಪೊಟ್ಟಣಗಳು. ಮೂರು ತಿಂಗಳಿಗೊಮ್ಮೆ ಮೇಲ್ವಿಚಾರಕರ ತಂಡ ಬಂದು ರಿಜಿಸ್ಟರಿನಲ್ಲಿರುವ ರೋಗಿಗಳ ಲೆಕ್ಕವನ್ನೂ ಕಪಾಟಿನಲ್ಲಿರುವ ಮಾತ್ರೆಗಳ ಲೆಕ್ಕವನ್ನೂ ತಾಳೆ ನೋಡುತ್ತಿತ್ತು. ಕ್ಷಯ ನಿಯಂತ್ರಣದಿಂದ ಕಲಿತ ಪಾಠವನ್ನು ಆಂಥನಿ ಹ್ಯಾರೀಸ್ ಮೊದಲಾದವರು ಇಲ್ಲಿಗೆ ತಂದರು. ನೆವಿರಾಪಿನ್‌ನ ಹದಿನಾಲ್ಕು ದಿನದ ತೊಡಕನ್ನು ಒಂದು ರಟ್ಟಿನ ಪೊಟ್ಟಣದಲ್ಲಿ ಬಿಡಿಸಿದ್ದು ನನ್ನ ಮಟ್ಟಿಗೆ ಈ ಇಡೀ ಚರಿತ್ರೆಯ ಅತ್ಯಂತ ಜಾಣ ಕೆಲಸಗಳಲ್ಲಿ ಒಂದು. ಫಾರ್ಮಸಿಸ್ಟನ ತಿಳಿವಳಿಕೆಯನ್ನು ಪೊಟ್ಟಣದೊಳಗೇ ಮಡಚಿಟ್ಟು, ಅವನಿಲ್ಲದ ಊರಿಗೂ ಕಳಿಸಿದಂತಾಯಿತು.

ಆದರೆ ಆ ಜಾಣತನಕ್ಕೂ ಒಂದು ಗಡಿ ಇದೆ. ಒಂದೇ ಚಿಕಿತ್ಸೆ, ಒಂದೇ ಪೊಟ್ಟಣ ಇರುವಷ್ಟು ದಿನ ನರ್ಸು, ಗುಮಾಸ್ತರು ಸಂಭಾಳಿಸಬಹುದು. ಎರಡನೆಯ ಹಂತದ ಔಷಧ, ಮಕ್ಕಳ ಔಷಧ, ಕ್ಷಯದ ಔಷಧ, ಅವಧಿ ಮುಗಿಯುವ ತಾರೀಖು ಎಲ್ಲ ಕೂಡಿದಾಗ ನರ್ಸ್ ತನ್ನ ರೋಗಿಗಳನ್ನು ಬಿಟ್ಟು ಗೋದಾಮಿನಲ್ಲಿ ನಿಲ್ಲಬೇಕಾಗುತ್ತದೆ. ಮಲಾವಿ ಮುಂದೆ ಫಾರ್ಮಸಿ ಸಹಾಯಕರನ್ನು ತರಬೇತುಗೊಳಿಸಿ ಹಳ್ಳಿಯ ಆರೋಗ್ಯ ಕೇಂದ್ರಗಳಿಗೆ ಕಳಿಸತೊಡಗಿದ್ದು ಇದೇ ಪಾಠದಿಂದ. ಎರಡು ವರ್ಷದ ತರಬೇತಿ ಪಡೆದ ಸಹಾಯಕನೊಬ್ಬ ಹಳ್ಳಿಗೆ ಬರುವುದು, ಪದವೀಧರನೊಬ್ಬ ರಾಜಧಾನಿಯಲ್ಲೇ ಉಳಿಯುವುದಕ್ಕಿಂತ ಲೇಸು.

ಕಪಾಟು ಬರಿದಾದರೆ ಏನಾಗುತ್ತದೆ ಎಂಬುದನ್ನು 2012ರ ಕೊನೆಯಲ್ಲಿ ದಕ್ಷಿಣ ಆಫ್ರಿಕಾದ ಪೂರ್ವ ಕೇಪ್ ಪ್ರಾಂತ್ಯ ಕಂಡಿತು. ಮಥಾಥಾ ಪಟ್ಟಣದ ಔಷಧ ಡಿಪೋ ನೂರಾರು ಆಸ್ಪತ್ರೆ, ದವಾಖಾನೆಗಳಿಗೆ ಔಷಧ ಕಳಿಸಬೇಕಿತ್ತು. ಸಿಬ್ಬಂದಿ ಜಗಳದಿಂದ ಕೆಲಸ ನಿಂತುಹೋಯಿತು. ಔಷಧ ದೇಶದಲ್ಲಿತ್ತು, ಹಣವೂ ಇತ್ತು. ಡಿಪೋದಿಂದ ಲಾರಿ ಹೊರಡಲಿಲ್ಲ, ಅಷ್ಟೆ. ಕೊನೆಗೆ ಗಡಿಗಳಿಲ್ಲದ ವೈದ್ಯರು ಮತ್ತು ರೋಗಿಗಳ ಪರ ಹೋರಾಟ ಸಂಘಟನೆಯಾದ ಟ್ರೀಟ್‌ಮೆಂಟ್ ಆ್ಯಕ್ಷನ್ ಕ್ಯಾಂಪೇನ್‌ನ ಸ್ವಯಂಸೇವಕರು ಡಿಪೋದೊಳಗೆ ನಿಂತು ಪೆಟ್ಟಿಗೆ ಕಟ್ಟಿ ಕಳಿಸಿದರು. ಔಷಧದ ಬೆಲೆಗಾಗಿ ಬೀದಿಗಿಳಿದಿದ್ದ ಸಂಘಟನೆ ಹತ್ತು ವರ್ಷದ ಮೇಲೆ ಗೋದಾಮಿನ ಹಮಾಲಿ ಕೆಲಸಕ್ಕೆ ಇಳಿಯಬೇಕಾಯಿತು.

ನಾವೂ ಹೊರತಲ್ಲ. 2022ರ ಜುಲೈ 21ರಿಂದ ದೆಹಲಿಯಲ್ಲಿ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯ ಕಚೇರಿ ಮುಂದೆ ಸೋಂಕಿತರು 42 ದಿನ ಧರಣಿ ಕೂತರು. ತಿಂಗಳ ಮಾತ್ರೆ ಸಿಗಬೇಕಾದವರಿಗೆ ಕೆಲವೇ ದಿನದ ಮಾತ್ರೆ ಸಿಗುತ್ತಿತ್ತು ಎಂಬುದು ಅವರ ಅಳಲು. ದೇಶದ ಮಟ್ಟದಲ್ಲಿ ಕೊರತೆ ಇಲ್ಲ ಎಂಬುದು ಸರ್ಕಾರದ ಉತ್ತರ. ಎರಡೂ ಒಂದೇ ಹೊತ್ತಿಗೆ ನಿಜವಾಗಿರಬಹುದು, ಮಥಾಥಾ ಕಲಿಸಿದ್ದೇ ಅದನ್ನು. ದೇಶದ ಲೆಕ್ಕದಲ್ಲಿ ಮಾತ್ರೆ ಇದೆ, ಕಿಟಕಿಯಲ್ಲಿ ಇಲ್ಲ. ಜಗತ್ತಿಗೇ ಈ ಮಾತ್ರೆ ಒದಗಿಸುವ ದೇಶದಲ್ಲಿ ಹೀಗಾದದ್ದನ್ನು ನಾವು ಮರೆಯಬಾರದು.

ಕಪಾಟಿನಲ್ಲಿರುವುದೂ ಅಸಲಿಯೇ ಎಂದು ನೋಡಬೇಕು. 2011ರಲ್ಲಿ ಕೀನ್ಯಾದಲ್ಲಿ ಒಂದು ಪ್ರಸಿದ್ಧ ಮಾತ್ರೆಯ ನಕಲಿ ಬ್ಯಾಚು ರೋಗಿಗಳವರೆಗೂ ಹೋಗಿತ್ತು. ಮಾತ್ರೆಯ ಬಣ್ಣ, ಪುಡಿಯಾಗುವ ರೀತಿ ಅನುಮಾನ ಹುಟ್ಟಿಸಿ, ಬ್ಯಾಚ್ ಸಂಖ್ಯೆ ಹಿಡಿದು ಹಿಂದಕ್ಕೆ ಪಡೆಯಬೇಕಾಯಿತು. ಬ್ಯಾಚ್ ಸಂಖ್ಯೆ ಬರೆದಿಡದ ಕಿಟಕಿಯಿಂದ ಹೋದ ಮಾತ್ರೆಯನ್ನು ಯಾರ ಮನೆಯಿಂದ ವಾಪಸು ತರುವುದು?

ಇವೆಲ್ಲ ಕಿಟಕಿಯ ಒಳಗಿನ ಮಾತು. ಹೊರಗೆ ಸಾಲಿನಲ್ಲಿ ನಿಂತವರ ಕಷ್ಟ ಬೇರೆ. ಆರೋಗ್ಯವಾಗಿದ್ದು ದುಡಿಯುತ್ತಿರುವವನು ಬರೀ ಮಾತ್ರೆಗಾಗಿ ತಿಂಗಳಿಗೊಂದು ದಿನದ ಕೂಲಿ, ಬಸ್ ಚಾರ್ಜು ಕಳೆದುಕೊಳ್ಳಬೇಕು. ಕೊಟ್ಟ ಡಬ್ಬಿ ಬಸ್ಸಿನಲ್ಲಿ ಗಲಗಲ ಸದ್ದು ಮಾಡುತ್ತದೆಂದು ಹತ್ತಿ ತುರುಕುವವರು, ಕಾಗದದಲ್ಲಿ ಸುತ್ತಿಕೊಳ್ಳುವವರು ಆಫ್ರಿಕಾದಲ್ಲೂ ಇದ್ದಾರೆ, ನಮ್ಮಲ್ಲೂ ಇದ್ದಾರೆ. ಸಾಲು ಉದ್ದವಾದಷ್ಟೂ ಚಿಕಿತ್ಸೆ ಬಿಡುವವರು ಹೆಚ್ಚು. ಉಗಾಂಡಾದ ಕಂಪಾಲಾದಲ್ಲಿ ಮಕೆರೆರೆ ವಿಶ್ವವಿದ್ಯಾಲಯದ ಸೋಂಕು ರೋಗಗಳ ಸಂಸ್ಥೆ ಇದಕ್ಕೊಂದು ಸರಳ ದಾರಿ ಹಿಡಿಯಿತು: ಸ್ಥಿರವಾಗಿರುವ ರೋಗಿ ಡಾಕ್ಟರನ್ನು ಕಾಣುವುದೇ ಬೇಡ, ನೇರವಾಗಿ ಔಷಧದ ಕಿಟಕಿಗೆ ಹೋಗಲಿ, ಅಲ್ಲಿ ನಾಲ್ಕು ಪ್ರಶ್ನೆ ಕೇಳಿ, ತೊಂದರೆ ಕಂಡರೆ ಮಾತ್ರ ಡಾಕ್ಟರ ಬಳಿಗೆ ಕಳಿಸಲಿ. ಖರ್ಚು ಇಳಿಯಿತು, ಡಾಕ್ಟರ ಸಮಯ ಕಾಯಿಲೆ ಜೋರಾಗಿರುವವರಿಗೆ ಉಳಿಯಿತು. ನೈಜೀರಿಯಾದ ಅಬುಜಾದಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಊರಿನ ಖಾಸಗಿ ಔಷಧದ ಅಂಗಡಿಗಳಿಗೇ ರೋಗಿಗಳನ್ನು ಒಪ್ಪಿಸಿದರು. ಮಾತ್ರೆ ಉಚಿತ, ಅಂಗಡಿಯವರ ಸೇವೆಗೆ ರೋಗಿ ಸಣ್ಣದೊಂದು ಮೊತ್ತ ಕೊಡುವುದು. ಅಂಗಡಿ ಸಂಜೆಯೂ ತೆರೆದಿರುತ್ತದೆ, ಭಾನುವಾರವೂ ತೆರೆದಿರುತ್ತದೆ. ಒಳಗೆ ಹೋದವರು ಕೆಮ್ಮಿಗೆ ಹೋದರೋ ಇನ್ನಾವುದಕ್ಕೋ ಎಂದು ಯಾರಿಗೂ ತಿಳಿಯುವುದಿಲ್ಲ.

ಇದನ್ನು ದೇಶದ ಅಳತೆಯಲ್ಲಿ ಮಾಡಿದ್ದು ದಕ್ಷಿಣ ಆಫ್ರಿಕಾ. 2014ರಲ್ಲಿ ಆರಂಭವಾದ ಯೋಜನೆಯಲ್ಲಿ ಕೇಂದ್ರ ಗೋದಾಮಿನಲ್ಲೇ ಪ್ರತಿ ರೋಗಿಯ ಹೆಸರಿಗೆ ಔಷಧದ ಪೊಟ್ಟಣ ಕಟ್ಟಿ, ಅವರವರ ಮನೆಯ ಹತ್ತಿರದ ಅಂಗಡಿಗೋ ಬೇರೆ ಕೇಂದ್ರಕ್ಕೋ ಕಳಿಸುತ್ತಾರೆ. ಎಚ್‌ಐವಿ ಜೊತೆಗೆ ಸಕ್ಕರೆ ಕಾಯಿಲೆ, ರಕ್ತದೊತ್ತಡದವರಿಗೂ ಇದೇ ವ್ಯವಸ್ಥೆ. ಹತ್ತಾರು ಲಕ್ಷ ಜನ ಇವತ್ತು ಆಸ್ಪತ್ರೆಯ ಸಾಲಿನಿಂದ ಹೊರಗಿದ್ದಾರೆ. ಎಲ್ಲರೂ ಒಂದೇ ಸಾಲಿನಲ್ಲಿ ನಿಂತಾಗ ಯಾರಿಗೆ ಯಾವ ರೋಗ ಎಂಬ ಗುರುತೂ ಅಳಿಯುತ್ತದೆ.

ಅಲ್ಲಿಯ ಫಾರ್ಮಸಿ ಮಂಡಳಿ ಇನ್ನೂ ಮುಂದೆ ಹೋಯಿತು: ವಿಶೇಷ ತರಬೇತಿ ಪಡೆದ ಫಾರ್ಮಸಿಸ್ಟರು ತಾವೇ ಪರೀಕ್ಷಿಸಿ, ತಾವೇ ಎಚ್‌ಐವಿ ಚಿಕಿತ್ಸೆ ಆರಂಭಿಸಬಹುದು ಎಂದಿತು. ಖಾಸಗಿ ವೈದ್ಯರ ಸಂಘವೊಂದು ಕೋರ್ಟಿಗೆ ಹೋಯಿತು. 2023ರ ಆಗಸ್ಟಿನಲ್ಲಿ ಪ್ರಿಟೋರಿಯಾದ ಹೈಕೋರ್ಟ್ ಆ ಅರ್ಜಿಯನ್ನು ತಳ್ಳಿಹಾಕಿತು. ವ್ಯಾಜ್ಯ ಮೇಲಿನ ಕೋರ್ಟಿಗೂ ಹೋಯಿತು. ವೈದ್ಯರ ಆತಂಕ ಬರೀ ಆದಾಯದ್ದು ಎಂದು ತಳ್ಳಿಹಾಕುವುದು ಸರಿಯಲ್ಲ. ಕ್ಷಯ ಅಡಗಿರುವ ರೋಗಿಯನ್ನು, ಮಿದುಳಿಗೆ ಸೋಂಕು ಹತ್ತಿದವರನ್ನು ಅಂಗಡಿಯಲ್ಲಿ ಗುರುತಿಸುವುದು ಕಷ್ಟ. ಆದರೂ ನನ್ನ ಒಲವು ಫಾರ್ಮಸಿಸ್ಟರ ಕಡೆಗೇ. ಇಪ್ಪತ್ತು ವರ್ಷದ ಹಿಂದೆ ನರ್ಸುಗಳು ಚಿಕಿತ್ಸೆ ಆರಂಭಿಸಿದರೆ ಅನಾಹುತವೆಂದು ಹೇಳಿದವರಿದ್ದರು. ಆಫ್ರಿಕಾದ ಹಳ್ಳಿಗಳಲ್ಲಿ ಇವತ್ತು ಚಿಕಿತ್ಸೆ ನಿಂತಿರುವುದೇ ನರ್ಸುಗಳ ಮೇಲೆ.

ಆಕ್ಷೇಪಗಳಲ್ಲಿ ತೂಕವುಳ್ಳವು ಬೇರೆ ಇವೆ. ಇಂಥ ಬಹುಪಾಲು ಪ್ರಯೋಗಗಳಿಗೆ ಆಯ್ದುಕೊಂಡವರು ಆಗಲೇ ಸ್ಥಿರವಾಗಿದ್ದ, ತಪ್ಪದೆ ಮಾತ್ರೆ ನುಂಗುತ್ತಿದ್ದ ರೋಗಿಗಳು. ಅವರ ಫಲಿತಾಂಶ ಎಲ್ಲಿದ್ದರೂ ಚೆನ್ನಾಗಿಯೇ ಇರುತ್ತದೆ. ಅದರ ಕೀರ್ತಿಯನ್ನೆಲ್ಲ ಅಂಗಡಿಗೆ ಕೊಡಲಾಗದು. ಸೇವೆಯ ಶುಲ್ಕ ಸಣ್ಣದೇ ಇರಬಹುದು, ಆದರೆ ಕಡುಬಡವರನ್ನು ಹೊರಗಿಡಲು ಸಣ್ಣ ಮೊತ್ತವೇ ಸಾಕು. ಅಂಗಡಿ ಮನೆಯ ಹತ್ತಿರವಿದ್ದಷ್ಟೂ ಅಂಗಡಿಯವನು ಪರಿಚಿತ. ಗುಟ್ಟು ರಟ್ಟಾಗುವ ಭಯ ಅಲ್ಲೂ ಇದೆ. ಎಲ್ಲಕ್ಕಿಂತ ದೊಡ್ಡ ಪ್ರಶ್ನೆ: ಕೌಂಟರಿನಲ್ಲಿ ನಿಂತವನು ಫಾರ್ಮಸಿಸ್ಟನೇ? ಗೋಡೆಯ ಮೇಲೆ ಒಬ್ಬರ ಪ್ರಮಾಣಪತ್ರ, ಕೌಂಟರಿನಲ್ಲಿ ಇನ್ನೊಬ್ಬ ಹುಡುಗ: ಈ ಚಿತ್ರ ಭಾರತದ ಓದುಗರಿಗೆ ವಿವರಿಸಬೇಕಾಗಿಲ್ಲ. ಅದು ಹಾಗೇ ಉಳಿಯುವಷ್ಟು ದಿನ ಫಾರ್ಮಸಿಸ್ಟರಿಗೆ ಹೆಚ್ಚಿನ ಅಧಿಕಾರ ಕೇಳುವ ನಮ್ಮ ಮಾತಿಗೆ ಬಲ ಬರುವುದಿಲ್ಲ.

ಎಚ್‌ಐವಿ ಜೊತೆ ಬದುಕುತ್ತಿರುವವರು ಈಗ ಮುಪ್ಪಿಗೆ ಕಾಲಿಡುತ್ತಿದ್ದಾರೆ ಎಂಬುದು ಇನ್ನೊಂದು ಬದಲಾವಣೆ. ಎಚ್‌ಐವಿ ಮಾತ್ರೆ ಉಚಿತ, ಬಿಪಿ ಮಾತ್ರೆ ಎಷ್ಟೋ ಕಡೆ ಹಾಗಲ್ಲ. ಪಶ್ಚಿಮ ಕೀನ್ಯಾದ ಎಲ್ಡೊರೆಟ್ ಸುತ್ತಮುತ್ತ, ಮೋಯಿ ಆಸ್ಪತ್ರೆ ಮತ್ತು ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ಫಾರ್ಮಸಿ ತಂಡ ಸೇರಿ ಇದಕ್ಕೆ ಆವರ್ತ ನಿಧಿಯ ಔಷಧದಂಗಡಿಗಳನ್ನು ಕಟ್ಟಿದವು. ಮೊದಲ ಸಂಗ್ರಹಕ್ಕೆ ದಾನದ ಹಣ. ಸರ್ಕಾರಿ ಕಪಾಟು ಬರಿದಾದಾಗ ಅಲ್ಲಿಂದ ಕಡಿಮೆ ಲಾಭದಲ್ಲಿ ಮಾರಾಟ. ಬಂದ ಹಣದಿಂದ ಮತ್ತೆ ಔಷಧ ಖರೀದಿ. ಎಚ್‌ಐವಿಗಾಗಿ ಕಟ್ಟಿದ ಕಿಟಕಿ ಊರಿನ ಎಲ್ಲರ ಕಿಟಕಿಯಾದದ್ದು ಹೀಗೆ.

ಕರ್ನಾಟಕದ ಮಟ್ಟಿಗೆ ಹೇಳುವುದಾದರೆ, ಎಚ್‌ಐವಿ ಹೆಚ್ಚಿದ್ದ ಆರು ರಾಜ್ಯಗಳಲ್ಲಿ ನಮ್ಮದೂ ಒಂದೆಂದು ಗುರುತಿಸಲಾಗಿತ್ತು. 2004ರ ಏಪ್ರಿಲ್ 1ರಂದು ದೇಶದ ಎಂಟು ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ ಚಿಕಿತ್ಸೆ ಆರಂಭವಾಯಿತು. ಇವತ್ತು ಈ ಚಿಕಿತ್ಸೆ ಕೊಡುವ ಎಆರ್‌ಟಿ ಕೇಂದ್ರಗಳೂ ಅವುಗಳ ಕೊಂಡಿಯಂತಿರುವ ಲಿಂಕ್ ಕೇಂದ್ರಗಳೂ ತಾಲ್ಲೂಕುಗಳವರೆಗೆ ಹರಡಿವೆ. ಎಆರ್‌ಟಿ ಕೇಂದ್ರದ ಸಿಬ್ಬಂದಿಯಲ್ಲಿ ಫಾರ್ಮಸಿಸ್ಟ್ ಹುದ್ದೆ ಇದೆ. ಆದರೆ ಅದು ಗುತ್ತಿಗೆ ಹುದ್ದೆ. ಜೀವನಪರ್ಯಂತ ನಡೆಯಬೇಕಾದ ಚಿಕಿತ್ಸೆಯ ಕೀಲಿಕೈ, ವರ್ಷ ವರ್ಷ ನವೀಕರಣಕ್ಕೆ ಕಾಯುವವರ ಕೈಯಲ್ಲಿದೆ. ಇನ್ನೊಂದೆಡೆ ಫಾರ್ಮಸಿ ಕಾಲೇಜುಗಳಿಗೆ ನಮ್ಮಲ್ಲಿ ಬರವಿಲ್ಲ. ರೋಗಿಯ ಹಾಸಿಗೆಯ ಪಕ್ಕದಲ್ಲಿ ನಿಂತು ಕಲಿಯುವ ಫಾರ್ಮಸಿ ಪ್ರಾಕ್ಟೀಸ್ ಶಿಕ್ಷಣಕ್ಕೆ 1990ರ ದಶಕದಲ್ಲೇ ದೇಶದಲ್ಲಿ ದಾರಿ ತೋರಿಸಿದವರಲ್ಲಿ ಮೈಸೂರಿನ ಜೆಎಸ್‌ಎಸ್ ಕಾಲೇಜೂ ಇದೆ. ಆರು ವರ್ಷದ ಫಾರ್ಮ್ ಡಿ ಕೋರ್ಸು 2008ರಲ್ಲಿ ದೇಶಕ್ಕೆ ಬಂತು. ಔಷಧಗಳ ನಡುವಿನ ತಿಕ್ಕಾಟ, ರೋಗಿಯ ಜೊತೆ ಮಾತಾಡುವ ರೀತಿ, ಅಡ್ಡಪರಿಣಾಮ ಗುರುತಿಸುವುದು, ಎಲ್ಲ ಕಲಿತ ಈ ಹುಡುಗ ಹುಡುಗಿಯರಲ್ಲಿ ಎಷ್ಟೋ ಜನ ಕೊನೆಗೆ ಕಂಪ್ಯೂಟರ್ ಮುಂದೆ ವಿದೇಶಿ ಕಂಪನಿಗಳ ಔಷಧ ಸುರಕ್ಷತಾ ವರದಿ ತುಂಬುವ ಕೆಲಸಕ್ಕೆ ಸೇರುತ್ತಾರೆ. ಅವರನ್ನು ದೂರುವಂತಿಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಅವರ ವಿದ್ಯೆಗೆ ತಕ್ಕ ಹುದ್ದೆಗಳನ್ನು ನಾವು ಸೃಷ್ಟಿಸಿಲ್ಲ.

2024ರ ಕೊನೆಗೆ ಜಗತ್ತಿನಲ್ಲಿ 4.08 ಕೋಟಿ ಜನ ಎಚ್‌ಐವಿಯೊಂದಿಗೆ ಬದುಕುತ್ತಿದ್ದರು ಎನ್ನುತ್ತದೆ ವಿಶ್ವಸಂಸ್ಥೆಯ ಏಡ್ಸ್ ವಿಭಾಗ, 3.16 ಕೋಟಿ ಜನರಿಗೆ ಚಿಕಿತ್ಸೆ ಸಿಗುತ್ತಿತ್ತು. ಆ ವರ್ಷ ಸತ್ತವರು 6.3 ಲಕ್ಷ. 2025ರ ಜನವರಿಯಲ್ಲಿ ಅಮೆರಿಕ ತನ್ನ ವಿದೇಶಿ ನೆರವನ್ನು ಹಠಾತ್ತನೆ ತಡೆಹಿಡಿದಾಗ ಆಫ್ರಿಕಾದ ಹಲವೆಡೆ ದವಾಖಾನೆಗಳು ಮುಚ್ಚಿದವು, ಸಲಹೆಗಾರರು ಮನೆಗೆ ಹೋದರು. ನೆರವಿನ ಹಣದಲ್ಲಿ ನಿಂತಿದ್ದ ಪ್ರತ್ಯೇಕ ವ್ಯವಸ್ಥೆ ಕುಸಿದರೂ ಊರಿನ ಔಷಧದಂಗಡಿ ಅಲ್ಲೇ ಇರುತ್ತದೆ ಎಂಬುದು ಆಗ ಅನೇಕರಿಗೆ ಹೊಳೆಯಿತು. ಕೀನ್ಯಾದ ಕಿಸುಮು, ಥಿಕಾಗಳಲ್ಲಿ ಸೋಂಕು ತಗಲದಂತೆ ಮುಂಚಿತವಾಗಿ ನುಂಗುವ 'ಪ್ರೆಪ್' ಮಾತ್ರೆಯನ್ನು ಅಂಗಡಿಗಳ ಮೂಲಕವೇ ಕೊಡುವ ಪ್ರಯೋಗ ಅದಕ್ಕೂ ಮೊದಲೇ ನಡೆದಿತ್ತು.

ಈಗ ಮುಂದಿರುವುದು ಲೆನಕಾಪಾವಿರ್. ಆರು ತಿಂಗಳಿಗೊಮ್ಮೆ ಚುಚ್ಚಿಸಿಕೊಂಡರೆ ಎಚ್‌ಐವಿ ಹತ್ತಿರ ಸುಳಿಯದಂತೆ ತಡೆಯುವ ಇಂಜೆಕ್ಷನ್. ಹೈದರಾಬಾದಿನ ಡಾ. ರೆಡ್ಡೀಸ್ ಮತ್ತು ಹೆಟೆರೊ ಕಂಪನಿಗಳು 2027ರಿಂದ ಅದನ್ನು ವರ್ಷಕ್ಕೆ 40 ಡಾಲರಿಗೆ ಬಡ ದೇಶಗಳಿಗೆ ಕೊಡುವುದಾಗಿ 2025ರ ಸೆಪ್ಟೆಂಬರಿನಲ್ಲಿ ಪ್ರಕಟವಾಯಿತು. ಬೆಲೆಯ ಅರ್ಧ ಮತ್ತೊಮ್ಮೆ ಗೆದ್ದಂತಾಯಿತು. ಆದರೆ ಅದನ್ನು ಚುಚ್ಚುವ ಕೈ ಯಾವುದು, ಆರು ತಿಂಗಳಾದ ಮೇಲೆ ನೆನಪಿಸಿ ಕರೆಯುವ ರಿಜಿಸ್ಟರು ಯಾರದು? ಈ ದೇಶಗಳ ಸರ್ಕಾರಗಳು, ನಮ್ಮದೂ ಸೇರಿ, ತರಬೇತಿ ಪಡೆದ ಫಾರ್ಮಸಿಸ್ಟರಿಗೆ ಅದನ್ನು ಚುಚ್ಚುವ ಅನುಮತಿಯನ್ನೂ, ಅದಕ್ಕೆ ತಕ್ಕ ಸಂಬಳ ಮತ್ತು ಕಾಯಂ ಹುದ್ದೆಯನ್ನೂ ಔಷಧ ಬಂದಿಳಿಯುವ ಮೊದಲೇ ಕೊಡಲಿ.